ಹೊತ್ತದ್ದೆಲ್ಲ ನೋಡಿದ್ದಲ್ಲ

ವಿಜಾಪುರ ಜಿಲ್ಲೆಯಲ್ಲಿ ನಮ್ಮ ಮಾಮಾನಷ್ಟು ಸಿನಿಮಾ ಹೊತ್ತವರು ಇನ್ನೊಬ್ಬರಿಲ್ಲ. ನಮ್ಮ ಮಾಮಾನಷ್ಟು ಸಿನಿಮಾ ನೋಡದವರೂ ಇನ್ನೊಬ್ಬರಿಲ್ಲ! ಇವೆರಡನ್ನೂ ಒಬ್ಬನೇ ಮನುಷ್ಯ, ಅದೂ ಒಂದೇ ನೌಕರಿಯಲ್ಲಿದ್ದುಕೊಂಡು, ಹೇಗೆ ಸಾಧಿಸಿದ ಎಂದು ನಿಮಗೆ ಅನುಮಾನ ಬರಬಹುದು. ಬರಲಿ. ನನಗೆ ಬಂದದ್ದು ಅನುಮಾನವಲ್ಲ, ತಲೆನೋವು. ಅವನ ಮನೆಯಲ್ಲಿ ಉಂಡು, ಅವನ ಅಂಗಳದಲ್ಲಿ ಮಲಗಿ, ದಿನಾ ಅವನೊಂದಿಗೇ ಜಗಳಾಡಿದವನು ನಾನು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಬಸ್ ಕಂಡಕ್ಟರ್. ಎಪ್ಪತ್ತರ ದಶಕದ ಯಾವುದೋ ಒಂದು ವರ್ಷ. ಇಂಥದ್ದೇ ವರ್ಷ ಎಂದು ಹೇಳಿಬಿಟ್ಟರೆ ಮುಂದಿನದನ್ನೆಲ್ಲ ನೀವು ಸುಲಭವಾಗಿ ನಂಬಿಬಿಡುತ್ತೀರಿ, ಅದಕ್ಕೇ ಹೇಳುವುದಿಲ್ಲ. ಧಾರವಾಡದಲ್ಲಿ ಡಿಗ್ರಿ ಮುಗಿಸಿ, ತಲೆಯಲ್ಲಿ ಹೊಸ ಕಾವ್ಯ ತುಂಬಿಕೊಂಡು, ಇಂಡಿ ಊರಿನ ಹೈಸ್ಕೂಲಿಗೆ ಮಾಸ್ತರನಾಗಿ ಬಂದಿದ್ದೆ. ಉಳಿದುಕೊಂಡದ್ದು ಮಾಮಾನ ಮನೆಯಲ್ಲಿ.

ಮಾಮಾನ ಬಸ್ಸು ಇಂಡಿಯಿಂದ ಹೊರಟು ಸಿಂದಗಿ, ಬಸವನ ಬಾಗೇವಾಡಿ ಹಾದು ಮುದ್ದೇಬಿಹಾಳಕ್ಕೆ ಹೋಗಿ ಮುಕ್ಕಾಂ ಮಾಡುತ್ತಿತ್ತು. ಮರುದಿನ ಅದೇ ದಾರಿಯಲ್ಲಿ ವಾಪಸು. ಈ ಊರುಗಳಲ್ಲೆಲ್ಲ ಆಗ ಟೂರಿಂಗ್ ಟಾಕೀಸುಗಳು. ಊರ ಹೊರಗೊಂದು ತಂಬು, ಅದರ ತುದಿಗೆ ಹಗ್ಗ ಬಿಗಿದ ಬಿಳಿಯ ಪರದೆ, ಕೂರಲು ಭೂಮಿತಾಯಿ. ಎಲ್ಲೆಲ್ಲೋ ಓಡಿ ಮುಪ್ಪಾದ ಹಳೆಯ ಸಿನಿಮಾಗಳು ಕೊನೆಗೆ ನಮ್ಮ ಕಡೆ ಬರುತ್ತಿದ್ದವು. ಒಂದು ತಂಬಿನಲ್ಲಿ ಆಟ ಮುಗಿದರೆ ರೀಲುಗಳ ತಗಡಿನ ಪೆಟ್ಟಿಗೆ ಮುಂದಿನ ಊರಿಗೆ ಹೋಗಬೇಕು. ಹೋಗುವುದು ಮಾಮಾನ ಬಸ್ಸಿನ ಟಪ್ಪಿನ ಮೇಲೆ. ಜೋಳದ ಚೀಲ, ಕುರಿಮರಿ, ಮದುವೆಯ ಟ್ರಂಕು ಯಾವುದನ್ನೂ ಮುಟ್ಟದ ಮಾಮಾ ಸಿನಿಮಾ ಪೆಟ್ಟಿಗೆಯನ್ನು ಮಾತ್ರ ಹಮಾಲರಿಗೆ ಕೊಡುತ್ತಿರಲಿಲ್ಲ. ತಾನೇ ಹೆಗಲಿಗೇರಿಸಿ, ಏಣಿ ಹತ್ತಿ, ಮೇಲಿಟ್ಟು, ಹಗ್ಗ ಬಿಗಿದು, ಕೆಳಗಿಳಿದು ತೀರ್ಪು ಕೊಡುತ್ತಿದ್ದ.

ತೀರ್ಪು! ಸಿನಿಮಾ ಹೇಗಿದೆ ಎಂಬುದನ್ನು ಮಾಮಾ ಪೆಟ್ಟಿಗೆಯ ಭಾರದಿಂದ ಹೇಳುತ್ತಿದ್ದ.

"ದೇವರ ಪಿಚ್ಚರ್ ಹಗರ ಇರತೈತಿ. ದೇವರು ಬರೂದು ಹೋಗೂದು ಎಲ್ಲಾ ಗಾಳಿಯಾಗ ಅಲ್ಲ? ಹೊಡದಾಟದ್ದು ಮಧ್ಯಮ. ಅಳೂ ಪಿಚ್ಚರ್ ಭಾಳ ವಜ್ಜಾ. ಒಳಗ ನೀರ ಇರತೈತಿ ನೋಡು!"

ಇದನ್ನು ತಮಾಷೆಗೆ ಹೇಳುತ್ತಿದ್ದನೇ? ಇಲ್ಲ ಸ್ವಾಮಿ, ಅದೇ ನನ್ನ ಸಂಕಟ. ಸಿಂದಗಿಯ ತಂಬಿನ ಸಾವ್ಕಾರ ಒಮ್ಮೆ ಇವನ ಮಾತು ನಂಬಿ, "ಹೆಂಗರುಳಿನ ತಾಯಂದಿರೇ, ಕರವಸ್ತ್ರ ಮರೆಯದೇ ತನ್ನಿ" ಎಂದು ಎತ್ತಿನ ಬಂಡಿಯಲ್ಲಿ ಮೈಕು ಕಟ್ಟಿ ಊರೆಲ್ಲ ಸಾರಿಸಿದ. ಆಮೇಲೆ ನೋಡಿದರೆ ಅದು ಒಬ್ಬ ಬೆಪ್ಪ ಅಳಿಯ ಮಾವನ ಮನೆಯಲ್ಲಿ ಪಡುವ ಪಡಿಪಾಟಲಿನ ನಗೆ ಚಿತ್ರ! ಮರುದಿನ ಸಾವ್ಕಾರ ಬಸ್ಸಿಗೆ ಅಡ್ಡ ನಿಂತ.

"ಏನ್ ಕಂಡಕ್ಟರ್ ಸಾಹೇಬ್ರ, ಅಳೂದು ಅಂದಿದ್ರಲ್ಲ? ಮಂದಿ ನಕ್ಕೊಂತ ಉಳ್ಳಾಡಿ ಹೋದ್ರು!"

ಮಾಮಾ ಟಿಕೆಟ್ ಹರಿಯುವುದನ್ನು ನಿಲ್ಲಿಸಲಿಲ್ಲ. "ನಕ್ಕು ನಕ್ಕು ಕಣ್ಣಾಗ ನೀರ ಬಂತೋ ಇಲ್ಲೋ?"

"ಬಂತ್ರಿ..."

"ಮತ್ತ?"

ಸೀಟಿ ಊದಿದ. ಬಸ್ಸು ಹೊರಟಿತು.

ಹೋಗಲಿ, ಭಾರ ನೋಡಿ ತೃಪ್ತಿಪಟ್ಟುಕೊಂಡು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮಾಮಾ ನೋಡದ ಸಿನಿಮಾಗಳ ಕಥೆಯನ್ನೂ ಹೇಳುತ್ತಿದ್ದ. ಬಸ್ಸಿನಲ್ಲಿ ಜನ ಹಿಂದಿನ ರಾತ್ರಿ ನೋಡಿದ ಸಿನಿಮಾದ ಕಥೆ ಹೇಳಿಕೊಳ್ಳುತ್ತಾರಲ್ಲ, ಇವನು ಟಿಕೆಟ್ ಕೊಡುವ ನೆವದಲ್ಲಿ ಅವರ ಸೀಟಿನ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ. ತೊಂದರೆ ಏನೆಂದರೆ, ಹೇಳುವವರು ಯಾರೂ ಕೊನೆಯ ಸ್ಟಾಪಿನವರೆಗೆ ಬರುತ್ತಿರಲಿಲ್ಲ. ನಾಯಕಿಯನ್ನು ಖಳನಾಯಕ ಹೊತ್ತೊಯ್ಯುವ ಹೊತ್ತಿಗೆ ಸರಿಯಾಗಿ ಅವರ ಊರು ಬಂದುಬಿಡುತ್ತಿತ್ತು.

"ಮುಂದೇನಾತು ಮಾಮಾ?" ಎಂದು ಮನೆಯಲ್ಲಿ ಅತ್ತಿ ಕೇಳಿದರೆ ಮಾಮಾ ಒಮ್ಮೆ ನಿಟ್ಟುಸಿರು ಬಿಟ್ಟು ಹೇಳಿದ್ದ: "ಮುಂದಿನ ಕಥಿ ಸಾಲೋಟಗ್ಯಾಗ ಇಳದ ಹೋತು."

ತಡೆಯಿರಿ, ಇಲ್ಲೊಂದು ತಪ್ಪಿದೆ. ಅತ್ತಿ ಎಂದರೆ ಮಾಮಾನ ಹೆಂಡತಿ. ಅವಳು ಗಂಡನನ್ನು "ಮಾಮಾ" ಎಂದು ಏಕೆ ಕರೆದಾಳು? ಕೇಳಿದ್ದು ನಾನೇ ಇರಬೇಕು. ಅತ್ತಿ ಕೇಳಿದಂತೆ ನೆನಪಾಗುವುದಕ್ಕೆ ಕಾರಣ, ಆ ಮನೆಯಲ್ಲಿ ಅವಳ ಪ್ರಶ್ನೆಗಳೆಲ್ಲ ನನ್ನ ಬಾಯಿಂದಲೇ ಹೋಗಬೇಕಿತ್ತು. ಗಂಡ ಹೆಂಡಿರಿಬ್ಬರೂ ಒಂದೇ ಕೋಣೆಯಲ್ಲಿ ಕೂತು, ನಡುವೆ ನನ್ನನ್ನು ಟಪಾಲು ಪೆಟ್ಟಿಗೆ ಮಾಡಿಕೊಂಡಿದ್ದರು. "ನಿಮ್ಮ ಮಾಮಾಗ ಹೇಳಪಾ, ರೊಟ್ಟಿ ಆರಾಕತ್ಯಾವು." "ನಿಮ್ಮ ಅತ್ತಿಗೆ ಹೇಳು ಮಾಸ್ತರ, ನಾ ಏನ್ ಕಿವುಡ ಅಲ್ಲ." ಹೀಗೆ.

ಅರ್ಧ ಕಥೆಗಳು ಮಾಮಾನ ಹತ್ತಿರ ರಾಶಿ ಬಿದ್ದಾಗ ಅವನು ಒಂದರ ತಲೆಗೆ ಇನ್ನೊಂದರ ಬಾಲ ಹಚ್ಚತೊಡಗಿದ. ಮುದ್ದೇಬಿಹಾಳದ ಒಬ್ಬ ಅಡತಿ ವ್ಯಾಪಾರಿ ಇವನು ಹೇಳಿದ ಕಥೆ ಕೇಳಿ ಮರುಳಾಗಿ, ಸಂಸಾರ ಸಮೇತ ಆ ಸಿನಿಮಾಕ್ಕೆ ಹೋಗಿ ಬಂದು ಬಸ್ಸಿನಲ್ಲೇ ತಗಾದೆ ತೆಗೆದ.

"ಕಡಿಗೆ ಅಣ್ಣ ಇನಸ್ಪೆಕ್ಟರ್ ಆಗಿ ಪಿಸ್ತೂಲ ಹಿಡಕೊಂಡು ಬರ್ತಾನ ಅಂದ್ರಿ. ಬರಲೇ ಇಲ್ಲಲ್ರೀ!"

ಬರುವುದು ಹೇಗೆ? ಅದು ಪುರಾಣದ ಸಿನಿಮಾ!

ಮಾಮಾ ಒಂದು ಕ್ಷಣ ಯೋಚಿಸಿದ. "ಆ ರೀಲು ಸಿಂದಗ್ಯಾಗ ಉಳದಿರಬೇಕ್ರಿ" ಎಂದ. ವ್ಯಾಪಾರಿ ಸಿಂದಗಿಯ ಸಾವ್ಕಾರನನ್ನು ಬೈದುಕೊಳ್ಳುತ್ತ ಇಳಿದು ಹೋದ!

ಮುದ್ದೇಬಿಹಾಳದಲ್ಲಿ ತಂಬು ಬಸ್ ಸ್ಟ್ಯಾಂಡಿನ ಹಿಂದೆಯೇ. ಮುಕ್ಕಾಂ ಬಸ್ಸಿನ ಟಪ್ಪಿನ ಮೇಲೆ ಹಾಸಿಗೆ ಬಿಚ್ಚಿ ಮಾಮಾ ಮಲಗಿದರೆ ಸಿನಿಮಾದ ಮಾತು, ಹಾಡು, ಗುದ್ದು ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಎದ್ದು ಹತ್ತು ಮಾರು ನಡೆದರೆ ಸಿನಿಮಾ! ನಡೆಯಬೇಕಲ್ಲ? ಆ ಕಡೆ ಬೆನ್ನು ಮಾಡಿ ಗೊರಕೆ ಹೊಡೆಯುತ್ತಿದ್ದ. ಕೇಳಿದರೆ, "ಎಲ್ಲಿ ಹೋಗತೈತಿ ಅದು? ಒಯ್ಯಾಂವಾ ನಾನ, ತರಾಂವಾ ನಾನ" ಎನ್ನುತ್ತಿದ್ದ.

ಈ ಮನುಷ್ಯನನ್ನು ತಿದ್ದುವುದು ನನ್ನ ಕರ್ತವ್ಯ ಎಂದುಕೊಂಡೆ. ಧಾರವಾಡದಲ್ಲಿ ನಾನೊಂದು ವಿದೇಶಿ ಸಿನಿಮಾ ನೋಡಿದ್ದೆ. ಅದರಲ್ಲಿ ಒಬ್ಬ ಮುದುಕ ಮಾತಿಲ್ಲದೆ ಒಂದು ಬೀದಿಯಲ್ಲಿ ನಡೆಯುತ್ತಾನೆ, ನಡೆಯುತ್ತಾನೆ, ನಡೆಯುತ್ತಲೇ ಇರುತ್ತಾನೆ. ಕಾಲ, ಶೂನ್ಯ, ಒಂಟಿತನ ಇವುಗಳ ಬಗ್ಗೆ ಒಂದು ಸಂಜೆ ಅಂಗಳದಲ್ಲಿ ಮಾಮಾನಿಗೆ ಸವಿಸ್ತಾರವಾಗಿ ವಿವರಿಸಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡ.

"ಎಷ್ಟ ಕಿಲೋ ಇತ್ತದು?"

"ನನಗೇನ್ ಗೊತ್ತು ಮಾಮಾ!"

"ಅದೂ ಗೊತ್ತಿಲ್ಲಂದ್ರ ಏನ್ ನೋಡಿದಿ ಮತ್ತ?"

ಒಳಗಿನಿಂದ ಅತ್ತಿ ನಕ್ಕಳು. ಅವಳು ನಕ್ಕದ್ದು ನನ್ನನ್ನೋ ಮಾಮಾನನ್ನೋ ಇವತ್ತಿಗೂ ಗೊತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಈ ಪೆಟ್ಟಿಗೆಗಳಲ್ಲಿ ಒಂದಿತ್ತು. ಕಪ್ಪುಬಿಳುಪಿನ ಹಳೆಯ ಸಿನಿಮಾ. ನಮ್ಮ ಓಣಿಯಲ್ಲಿ ಅದಕ್ಕೆ "ತೊಟ್ಟಿಲದ ಪಿಚ್ಚರ್" ಎನ್ನುತ್ತಿದ್ದರು. ಕೂಸಿಲ್ಲದ ತಾಯಿಯೊಬ್ಬಳು ಬರಿ ತೊಟ್ಟಿಲು ತೂಗುತ್ತ ಹಾಡುವ ದೃಶ್ಯವೊಂದಿತ್ತು. ಅದನ್ನು ನೋಡಿ ಅಳದ ಹೆಂಗಸು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ, ಅತ್ತಿಯೊಬ್ಬಳನ್ನು ಬಿಟ್ಟು. ಏಕೆಂದರೆ ಅವಳು ಅದನ್ನು ನೋಡಿಯೇ ಇರಲಿಲ್ಲ. ಆ ಪೆಟ್ಟಿಗೆ ವರ್ಷಕ್ಕೊಮ್ಮೆಯಾದರೂ ನಮ್ಮ ಕಡೆ ಬರುತ್ತಿತ್ತು. ಪ್ರತಿ ಸಲವೂ ಮಾಮಾ ಅದನ್ನು ಹೆಗಲ ಮೇಲೆ ಹೊತ್ತು ಇಂಡಿಗೆ ತರುತ್ತಿದ್ದ, ಹೊತ್ತು ಒಯ್ಯುತ್ತಿದ್ದ. ಹೆಂಡತಿಯನ್ನು ಮಾತ್ರ ಕರೆದೊಯ್ಯುತ್ತಿರಲಿಲ್ಲ!

ಓಣಿಯ ಹೆಂಗಸರು ಕರೆದರೆ ಅತ್ತಿ ಹೋಗುತ್ತಿರಲಿಲ್ಲ. ನಾನು ಕರೆದರೂ ಇಲ್ಲ. ಗಂಡ ಕರೆದುಕೊಂಡು ಹೋಗಬೇಕು, ಅಷ್ಟೇ. ಸೀರೆ ಬೇಡಲಿಲ್ಲ, ಬಳೆ ಬೇಡಲಿಲ್ಲ. ಒಮ್ಮೆ ರೊಟ್ಟಿ ಬಡಿಯುತ್ತ, ಹಂಚಿನ ಕಡೆಗೇ ನೋಡುತ್ತ, ನನಗೆ ಹೇಳಿದಳು: "ಊರಾಗಿನಾವ್ರೆಲ್ಲಾ ಅತ್ತು ಬಂದಾರ. ನನಗೊಂದೀಟು ಅಳಾಕ ಕೊಡವಲ್ರು ನೋಡು ನಿಮ್ಮ ಮಾಮಾ."

ಈ ಮಾತನ್ನು ಮಾಮಾನಿಗೆ ಮುಟ್ಟಿಸಿದೆ. ಸ್ವಲ್ಪ ಖಾರ ಹಚ್ಚಿಯೇ ಮುಟ್ಟಿಸಿದೆ. ಮಾಮಾ ಏನನ್ನೋ ಗೊಣಗಿಕೊಂಡ. ಮುಂದಿನ ಸಲ ಆ ಪೆಟ್ಟಿಗೆ ಸಿಂದಗಿಗೆ ಬಂದಾಗ, ಮೂವರೂ ಹೊರಟೆವು. ಅತ್ತಿ ಇಳಕಲ್ ಸೀರೆ ಉಟ್ಟಿದ್ದಳು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಇಲ್ಲಿ ಮಳೆ ಬಂತು ಎಂದು ಬರೆಯಲು ಕೈ ತುರಿಸುತ್ತಿದೆ, ಬರಲಿಲ್ಲ. ಸುಡು ಬಿಸಿಲು ಇಳಿದ ಒಂದು ಸಾಮಾನ್ಯ ಸಂಜೆ. ಈ ತಂಬುಗಳಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನಡುವೆ ಎದೆಯೆತ್ತರದ ತಟ್ಟಿ, ಬಾಗಿಲೂ ಬೇರೆ ಬೇರೆ. ಹೆಂಗಸರ ಬಾಗಿಲಿನ ಹತ್ತಿರ ಕಂಕುಳಲ್ಲಿ ಕೂಸು ಇಟ್ಟುಕೊಂಡಿದ್ದ ಪರಿಚಯದ ಹೆಂಗಸೊಬ್ಬಳು ಅತ್ತಿಯನ್ನು ಕಂಡು, "ಅಯ್ಯ, ನೀ ಬಂದೀ ಏನವಾ ಇದಕ್ಕ?" ಎಂದಳು.

ಅಷ್ಟೇ. ಮಾಮಾ ಹಣೆ ಬಡಿದುಕೊಂಡ. "ಗಂಟಿ ಹಗ್ಗ ಸಡ್ಲ ಆಗೇತಿ!"

"ಯಾವ ಗಂಟಿ?" ಎಂದೆ ನಾನು.

"ಬಸ್ಸಿಂದು! ನಾಳೆ ಮುಂಜಾನೆ ಗಾಡಿ ಬಿಡೂದ್ಹೆಂಗ? ನಡೀರಿ, ನಡೀರಿ ಹೊಳ್ಳಿ."

ನಂಬುತ್ತೀರಾ? ರಜೆಯ ಮೇಲಿದ್ದ ಮನುಷ್ಯ! ಆ ಹಗ್ಗವನ್ನು ನಾನೇ ಜಗ್ಗಿ ನೋಡಿದ್ದೆ, ಎತ್ತು ಕಟ್ಟಿದರೂ ಹರಿಯುತ್ತಿರಲಿಲ್ಲ. ಸಿಂದಗಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಅತ್ತಿ ಗಂಟು ಬಿಚ್ಚಿ ನಮ್ಮಿಬ್ಬರಿಗೂ ರೊಟ್ಟಿ ಕೊಟ್ಟಳು. ತಾನು ತಿನ್ನಲಿಲ್ಲ. ತಂಬಿನ ಕಡೆಯಿಂದ ಗಾಳಿಯಲ್ಲಿ ಹಾಡು ಕೇಳಿಬರುತ್ತಿತ್ತು. ಮಾಮಾ ಹಿಂಡಿ ಖಾರ ಹೆಚ್ಚಾಗಿದೆ ಎಂದ. ನನಗೆ ಆ ಹಿಂಡಿಯನ್ನು ಅವನ ಕಣ್ಣಿಗೇ ಹಚ್ಚಬೇಕೆನಿಸಿತು.

ಆಮೇಲೆ ಒಂದು ವರ್ಷವೋ ಎರಡು ವರ್ಷವೋ ಕಳೆದಿರಬೇಕು. ಬಾಗೇವಾಡಿಯ ತಂಬಿಗೆ ಆ ಪೆಟ್ಟಿಗೆ ಮತ್ತೆ ಬಂತು. ಬರುವಾಗಲೇ ಸುದ್ದಿಯನ್ನೂ ತಂದಿತು. ರೀಲು ಸವೆದು ಹೋಗಿದೆ, ಹರಿದಲ್ಲಿ ಕತ್ತರಿಸಿ ಕತ್ತರಿಸಿ ಅಂಟಿಸಿ ಇನ್ನು ಅಂಟಿಸಲು ಜಾಗವಿಲ್ಲ, ಈ ವಾರ ಮುಗಿದರೆ ಪೆಟ್ಟಿಗೆ ವಾಪಸು ಹೋಗುತ್ತದೆ, ಮತ್ತೆ ಈ ಕಡೆ ಬರುವುದಿಲ್ಲ. ನನಗೆ ರೇಗಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಾಮಾನ ಬಸ್ಸು ಹತ್ತಿದೆ. ಅವನು ಟಿಕೆಟ್ ಕೊಡುತ್ತ ಬಂದು ನನ್ನ ಪಕ್ಕ ಕೂತಾಗ ಶುರು ಮಾಡಿದೆ.

"ಏನಂದಿದ್ದಿ ಮಾಮಾ? ಎಲ್ಲಿ ಹೋಗತೈತಿ ಅಂದಿದ್ದಿಲ್ಲ? ಈಗ ಹೊಂಟೈತಿ ನೋಡು. ಅತ್ತಿ ಏನ್ ನಿನ್ನ ಆಸ್ತಿ ಕೇಳ್ಯಾಳಾ? ಆ ದರಿದ್ರ ಪಿಚ್ಚರ್ ನಾನೂ ನೋಡೇನಿ, ಅದರಾಗ ಏನೂ ಇಲ್ಲ, ಬರೇ ಅಳೂದು. ಆದ್ರ ಆಕಿಗೆ ಬೇಕಾಗೇತಿ! ಕರಕೊಂಡು ಹೋಗಾಕ ನಿನಗೇನ್ ರೋಗ?"

ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದೆ. ಮಾಮಾ ಚರ್ಮದ ಚೀಲದ ಬಾಯಿ ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ.

"ಆಕಿ ಹೆಣ್ಮಕ್ಕಳ ಕಡೆ ಕುಂಡ್ರಬೇಕಲ್ಲೋ ಮಾಸ್ತರ."

"ಕುಂಡ್ರಲಿ! ಎಲ್ಲಾರೂ ಕುಂಡ್ರತಾರ."

"ಆ ತೊಟ್ಟಿಲಾ ಬರತೈತೆಲ್ಲ..." ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. "ಆವಾಗ ಎಲ್ಲಾರೂ ಪರದೆ ನೋಡೂದು ಬಿಟ್ಟು ಇಕಿ ಮಾರಿ ನೋಡ್ತಾರೋ. ನಾ ಗಂಡಸರ ಕಡೆ ಕುಂತಿರ್ತೇನಿ."

ಅವರಿಗೆ ಮಕ್ಕಳಿರಲಿಲ್ಲ. ಇದನ್ನು ಇಷ್ಟು ಹೊತ್ತು ಹೇಳದೇ ಇದ್ದದ್ದು ಕಥೆ ಕಟ್ಟುವ ಉಪಾಯವಲ್ಲ. ಆ ಮನೆಯಲ್ಲಿದ್ದಾಗ ನನಗೆ ಅದು ನೆನಪೇ ಆಗುತ್ತಿರಲಿಲ್ಲ. ಎರಡು ಹೊತ್ತೂ ಬಿಸಿ ರೊಟ್ಟಿ ತಿನ್ನುತ್ತಿದ್ದವನಿಗೆ ಹೇಗೆ ನೆನಪಾದೀತು? ಸಿಂದಗಿಯ ಬಾಗಿಲಲ್ಲಿ ಕೂಸು ಎತ್ತಿಕೊಂಡವಳು ಏನು ಕೇಳಿದಳೆಂಬುದು ನನಗೆ ಆಗ ಕೇಳಿಸಿತ್ತು, ಈಗ ಅರ್ಥವಾಯಿತು. ಸಾಲದ್ದಕ್ಕೆ ಬಾಗೇವಾಡಿ ಅತ್ತಿಯ ತವರೂರು. ಅಲ್ಲಿ ಅವಳ ಮುಖ ಗುರುತಿಲ್ಲದ ಹೆಂಗಸೇ ಇರಲಿಲ್ಲ.

ಬಸ್ಸು ಬಾಗೇವಾಡಿಯಲ್ಲಿ ನಿಂತಿತು. ಮಾಮಾ ಡ್ರೈವರನಿಗೆ ಚಹಾ ಕುಡಿಯಲು ಹೇಳಿ ನೇರ ತಂಬಿಗೆ ನಡೆದ. ನಾನು ಹಿಂದೆ ಹಿಂದೆ. ತಂಬಿನ ಸಾವ್ಕಾರ ಇವನ ಮಾತು ಕೇಳಿ ಬಾಯಿ ತೆರೆದ.

"ಪರದೆ ಹಿಂದ? ಹಿಂದ ಯಾಕ್ರಿ ಸಾಹೇಬ್ರ? ಅಲ್ಲಿ ಮೈಕಿನ ಡಬ್ಬಿ ಇಟ್ಟೇವ್ರಿ, ಮತ್ತ ಯಾರೂ ಕುಂಡ್ರೂದಿಲ್ಲ. ಎಲ್ಲಾ ಉಲ್ಟಾ ಕಾಣತೈತ್ರಿ!"

"ಸುಲ್ಟಾ ನೋಡಿದಾವ್ರಿಗೆ ಉಲ್ಟಾ" ಎಂದ ಮಾಮಾ. "ನಾವು ನೋಡೇ ಇಲ್ಲಲ್ರಿ."

ಮರುದಿನ ಭಾನುವಾರ ಮುಂಜಾನೆ ಮುದ್ದೇಬಿಹಾಳದಿಂದ ಗಾಡಿಯನ್ನು ಇಂಡಿಗೆ ಮುಟ್ಟಿಸಿ ಮಾಮಾ ರಜೆ ಹಾಕಿದ. ಮಧ್ಯಾಹ್ನದ ಗಾಡಿಗೆ ಅತ್ತಿಯನ್ನು ಕರೆದುಕೊಂಡು ಪ್ರಯಾಣಿಕನಾಗಿ ಹೊರಟ. ಪ್ರಯಾಣಿಕನಾಗಿ ಕೂರುವುದು ಅವನಿಗೆ ಬರುತ್ತಿರಲಿಲ್ಲ. ದಾರಿಯುದ್ದಕ್ಕೂ "ಮುಂದ ಸರೀರಿ, ಮುಂದ ಸರೀರಿ" ಎನ್ನುತ್ತಿದ್ದ. ಬದಲಿ ಕಂಡಕ್ಟರ್ ಊದುವ ಮೊದಲೇ ಬಾಯಲ್ಲೇ ಸೀಟಿ ಊದಿ ಎರಡು ಸಲ ಗಾಡಿ ಬಿಡಿಸಿದ, ಒಮ್ಮೆ ಆ ಕಂಡಕ್ಟರನನ್ನೇ ಕೆಳಗೆ ಬಿಟ್ಟು! ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ಅವರಿಬ್ಬರನ್ನೂ ಗೊತ್ತಿಲ್ಲದವನಂತೆ ಕೂತಿದ್ದೆ.

ಆ ಸಿನಿಮಾದ ಪರಿಣಾಮವನ್ನು ಮೊದಲು ಹೇಳಿಬಿಡುತ್ತೇನೆ. ಮೈಕಿನ ಡಬ್ಬಿಯ ಪಕ್ಕದಲ್ಲೇ ಕೂತಿದ್ದ ಮಾಮಾ ಎರಡು ದಿನ ಕಿವಿ ಕೇಳದೆ ಓಡಾಡಿದ. ಸಿಂದಗಿಗೆ ಟಿಕೆಟ್ ಕೇಳಿದವರಿಗೆ ಮುದ್ದೇಬಿಹಾಳದ್ದು ಹರಿದು ಕೊಟ್ಟ. ಅತ್ತಿ ಓಣಿಯ ಹೆಂಗಸರೊಂದಿಗೆ ಜನ್ಮದಲ್ಲಿ ಮೊದಲ ಸಲ ಜಗಳಕ್ಕೆ ನಿಂತಳು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಯಾರೋ ಆ ಸಿನಿಮಾದ ಮಾತು ತೆಗೆದಿದ್ದರಂತೆ.

"ಪಾಪ, ಎಡಗೈಯಾಕಿ ಆದ್ರೂ ಎಷ್ಟ ಚಂದ ತೂಗತಾಳ" ಎಂದಳು ಅತ್ತಿ.

"ಯಾರು ಎಡಗೈಯಾಕಿ?"

"ಆಕಿನ. ತೊಟ್ಟಿಲದಾಕಿ. ಆಕಿ ಗಂಡನೂ ಎಡಗೈಲೇ ಉಣ್ತಾನ."

"ಏ, ಹುಚ್ಚಿ! ಆರು ಸಲ ನೋಡೇನಿ ನಾ! ಬಲಗೈಲೇ ತೂಗತಾಳ ಆಕಿ!"

"ಎಲ್ಲಿಂದ ನೋಡೀರಿ?"

"ಎಲ್ಲಿಂದ ಅಂದ್ರ? ಎಲ್ಲಾರೂ ನೋಡಿದಂಗ, ಮುಂದಿಂದ!"

ಅತ್ತಿ ಶೇಂಗಾದ ಸಿಪ್ಪೆ ಕೊಡವಿಕೊಂಡು ಎದ್ದು ನಿಂತಳು. "ಮುಂದಿಂದ ನೋಡಿದ್ರ ಖರೇ ಏನ್ ಗೊತ್ತಾಗತೈತಿ ನಿಮಗ? ಅದು ನಿಮಗ ತೋರಸಾಕ ಮಾಡಿದ್ದು. ನಾವು ಹಿಂದಿಂದ ನೋಡೇವಿ!"

ನಾನು ಆ ಕಾಲದಲ್ಲಿ ಕಲೆಯ ಬಗ್ಗೆ ಎಷ್ಟೋ ದಪ್ಪ ಪುಸ್ತಕ ಓದುತ್ತಿದ್ದೆ. ಇಂಥ ವಾಕ್ಯವೊಂದು ಯಾವುದರಲ್ಲೂ ಸಿಕ್ಕಿರಲಿಲ್ಲ, ಹೊಟ್ಟೆಕಿಚ್ಚಾಯಿತು.

ಇನ್ನು ಆ ಸಂಜೆಯ ಬಗ್ಗೆ. ಗಂಡಸರ ಕಡೆ, ಮುಂದಿನ ಸಾಲಿನಲ್ಲಿ, ನೆಲದ ಮೇಲೆ ನಾನೊಬ್ಬನೇ ಕೂತಿದ್ದೆ. ಪರದೆಯ ಕೆಳ ಅಂಚು ನೆಲದಿಂದ ಮೊಳದಷ್ಟು ಮೇಲಿತ್ತು. ಸಿನಿಮಾ ಶುರುವಾಗಿ ಬೆಳಕು ಬಿದ್ದಾಗ ಆ ಸಂದಿಯಲ್ಲಿ ನಾಲ್ಕು ಪಾದಗಳು ಕಂಡವು. ಎರಡು, ಧೂಳು ಹಿಡಿದ ಸರಕಾರಿ ಬೂಟು. ಎರಡು, ಕಾಲುಂಗುರದ ಬರಿಗಾಲು. ನಡುವೆ ಸಭ್ಯವೆನಿಸುವಷ್ಟು ಅಂತರವಿತ್ತು. ರೀಲು ಹರಿಯುತ್ತಿತ್ತು, ಜನ ಸೀಟಿ ಹೊಡೆಯುತ್ತಿದ್ದರು, ಮತ್ತೆ ಶುರುವಾಗುತ್ತಿತ್ತು. ಪ್ರತಿ ಸಲ ಬೆಳಕು ಮರಳಿದಾಗ ಆ ಅಂತರ ಮೊದಲಿನಷ್ಟೇ ಇತ್ತೋ, ಕಡಿಮೆಯಾಗಿತ್ತೋ? ಕಡಿಮೆಯಾಗಿತ್ತು ಎಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪಿಗೆ ಇಂಥ ಚಟಗಳಿವೆ, ನಾನು ಪೂರ್ತಿ ನಂಬುವುದಿಲ್ಲ.

ಆಮೇಲೆ ಪರದೆಯ ಮೇಲೆ ಕಂದೀಲಿನ ಬೆಳಕು ಬಂತು, ಕೋಣೆ ಬಂತು, ತೊಟ್ಟಿಲಿನ ಹಗ್ಗ ಬಂತು. ಹಾಡು ಶುರುವಾಯಿತು. ತಟ್ಟಿಯಾಚೆ ಹೆಂಗಸರು ಮೂಗು ಒರೆಸಿಕೊಳ್ಳತೊಡಗಿದರು. ಕೆಳಗೆ, ಆ ಸಂದಿಯಲ್ಲಿ, ಬರಿಗಾಲಿನ ಬೆರಳುಗಳು ಒಮ್ಮೆ ಮಡಚಿಕೊಂಡವು. ಬೂಟೊಂದು ಮಣ್ಣಿನಲ್ಲಿ ಸದ್ದಿಲ್ಲದೆ ಸರಿಯತೊಡಗಿತು.

ಮುಂದೇನಾಯಿತೋ ನನಗೆ ಗೊತ್ತಿಲ್ಲ. ನಾನು ತಲೆಯೆತ್ತಿ, ಹಾಡು ಮುಗಿಯುವವರೆಗೂ, ಪರದೆಯನ್ನೇ ನೋಡಿದೆ.